ಬಾಯಿಲ್ಲದ ಚೌಕ

ಕುಮಟೆಯ ಪ್ರೆಸ್ಸಿನವರು ಗುಜರಿಗೆ ಹಾಕುವ
ಅಲ್ಯೂಮಿನಿಯಂ ತಗಡು, ತೂಕದ ಲೆಕ್ಕ.
ಒಂದು ಬದಿಯಲ್ಲಿ ಕಳೆದ ವಾರದ ಶ್ರದ್ಧಾಂಜಲಿ,
ಕನ್ನಡಕದ ಅಜ್ಜ, ಮಗ್ಗುಲಲ್ಲಿ ಬೋರ್‌ವೆಲ್ ಜಾಹೀರಾತು.
ಇನ್ನೊಂದು ಬದಿ ಖಾಲಿ.
ನನಗೆ ಬೇಕಾದದ್ದು ಅದು.
ಅಜ್ಜನ ಮೇಲೆ ಟೇಪು ಅಂಟಿಸುತ್ತೇನೆ.

ಸೊಸೈಟಿಯಲ್ಲಿ ಮೈಲುತುತ್ತು ಕೇಳಿದರೆ
"ತೋಟ ಎಷ್ಟೆಕರೆ?" ಅನ್ನುತ್ತಾರೆ ಶಾನಭಾಗರು.
ತೋಟವಿಲ್ಲ, ಚಿತ್ರ ಮಾಡುತ್ತೇನೆ ಅಂದರೆ
ಮುಖ ನೋಡಿ, ಇನ್ನೊಮ್ಮೆ ನೋಡಿ,
ಅರ್ಧ ಕಿಲೋ ಕಟ್ಟಿಕೊಡುತ್ತಾರೆ.

ಉಪ್ಪು ಮಾತ್ರ ಮನೆಯದು.
ಸಾಣಿಕಟ್ಟಾದ ಆಗರದ್ದು, ಬೂದು ಬಣ್ಣದ್ದು,
ಅವ್ವಿ ತಲೆಯ ಮೇಲೆ ಹೊತ್ತದ್ದು.

ನೀಲಿಗೆ ಉಪ್ಪು ಬಿದ್ದರೆ ಹಸಿರು.
ಹಸಿರಲ್ಲಿ ತಗಡು ಮುಳುಗಿದರೆ ನೊರೆ, ಬಿಸಿ,
ಇಟ್ಟಿಗೆಪುಡಿಯಂಥ ಕೆಂಪು ಕಸ.
ಕೋಳಿಪುಕ್ಕದಿಂದ ಕಸ ಸರಿಸುತ್ತ ಕೂತರೆ
ನಾನು ಮೇಣ ಕೆರೆದಲ್ಲೆಲ್ಲ
ಲೋಹ ಕರಗಿ ಗೆರೆಯಾಗಿರುತ್ತದೆ.

ಗೆರೆ ಎಂದರೆ ಗೆರೆ ಮಾತ್ರ.
ಧಾರವಾಡದಲ್ಲಿ ಕಲಿಸಿದವರು ಹೇಳಿದ್ದರು:
ಏನನ್ನಾದರೂ ಹೋಲುವುದನ್ನೆಲ್ಲ ತೆಗೆ.
ದೋಣಿ ತೆಗೆದೆ. ತೆಂಗು ತೆಗೆದೆ.
ಹೊತ್ತು ಮುಳುಗುವುದನ್ನು ತೆಗೆಯಲು
ಒಂದು ವರ್ಷ ಹಿಡಿಯಿತು.
ಉಳಿದದ್ದು ಚೌಕ.
ಚೌಕದ ಪಕ್ಕ ಚೌಕ, ಒಂದಕ್ಕಿಂತ ಒಂದು
ಕೂದಲೆಳೆಯಷ್ಟು ಓರೆ,
ಮೂಲೆಗೊಂದು ತ್ರಿಕೋನ, ಏನನ್ನೂ ಹೋಲದ್ದು.

ಮುದ್ರಿಸುವ ಯಂತ್ರ, ಹಳೆಯ ಕಬ್ಬಿನ ಗಾಣ.
ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಹಾಲು ಹಿಂಡುತ್ತಿತ್ತು;
ಇನಾಸ ಲೇತಿಗೆ ಹಾಕಿ ಉರುಳೆಯ ಹಲ್ಲು ಬೋಳಿಸಿಕೊಟ್ಟ.
ಒದ್ದೆ ಕಾಗದ, ಮೇಲೊಂದು ಕಂಬಳಿ ತುಂಡು,
ಹಿಡಿ ತಿರುಗಿಸಿದರೆ ಈಗಲೂ ಸಣ್ಣಗೆ
ಶುಂಠಿಯ ವಾಸನೆ ಬರುತ್ತದೆ.
ಬರುತ್ತದೆ ಅನ್ನಿಸುತ್ತದೆ.

ಏಳು ಪ್ರತಿ ತೆಗೆದು ತಂತಿಗೆ ಹಾಕಿದ ಸಂಜೆ
ಅವ್ವಿ ಬಂದಳು. ಕಾಲ್ಬೆರಳ ಸಂದಿನಲ್ಲಿ
ಉಪ್ಪು ಕಡಿದ ಬಿರುಕು, ಅದಕ್ಕೆ ಹಚ್ಚಿದ ಎಣ್ಣೆ.
ನೆಲ ನೋಡುವ ಹಾಗೆ ನೋಡಿದಳು:
ಮೊದಲು ಬದು, ಆಮೇಲೆ ಬದುವಿನ ಒಳಗೆ.
ಇದೇನೆಂದು ಕೇಳಲಿಲ್ಲ.
ಹುಬ್ಬಳ್ಳಿಯಲ್ಲಿ ನೋಡಿದವರೆಲ್ಲ
ಅದನ್ನೇ ಕೇಳಿದ್ದರು.

"ಇದ್ಕೆ ಬಾಯಿಲ್ಲ," ಅಂದಳು.
"ಸುತ್ತ ಕಟ್ಟಿಟ್ಟಿದೆ. ನೀರು ಹ್ಯಾಂಗೆ ಬತ್ತದೆ ಒಳಗೆ?
ಜಂತ್ರಡಿ ಎಲ್ಲಿ?"

ನಾನು ಹೇಳಬಹುದಿತ್ತು:
ಇದು ಆಗರವಲ್ಲ, ಇದಕ್ಕೆ ನೀರು ಬೇಡ,
ಬರಿಯ ಅಳತೆ, ಬರಿಯ ತೂಕ, ಖಾಲಿಯೊಳಗೆ ಖಾಲಿ...
ಮಾತುಗಳೆಲ್ಲ ನಾಲಗೆಯ ತುದಿಗೆ ಬಂದವು.
ಒಂದೂ ಅವಳ ಮಾತಿನಷ್ಟು ಚೌಕವಾಗಿರಲಿಲ್ಲ.

ಮೇ ತಿಂಗಳಲ್ಲಿ ಅವಳು ಗುಪ್ಪೆ ಹಾಕುವುದನ್ನು ನೋಡಿದ್ದೇನೆ.
ಬುಟ್ಟಿ ಓರೆ ಮಾಡುತ್ತಾಳೆ, ಅಷ್ಟೇ.
ಕೈ ಹಚ್ಚುವುದಿಲ್ಲ, ತಟ್ಟುವುದಿಲ್ಲ.
ಉಪ್ಪು ತನ್ನ ಇಳಿಜಾರನ್ನು ತಾನೇ ಆರಿಸಿಕೊಳ್ಳುತ್ತದೆ,
ಕಡಿದಾಯಿತು ಅನ್ನಿಸಿದರೆ ಜಾರಿ
ಮತ್ತೆ ಸರಿಯಾಗಿ ಕೂರುತ್ತದೆ.
ನೂರಾರು ಬುಟ್ಟಿಗೆ ಒಂದು ಶಂಕು.
ಬಿಳಿ ಗೋಡೆಗಳ ನಡುವೆ ಇಟ್ಟಿದ್ದರೆ
ಅದರೆದುರು ಜನ ದನಿ ತಗ್ಗಿಸುತ್ತಿದ್ದರು.
ಇಲ್ಲಿ ಅದಕ್ಕೆ ಮಡ್ಲು ಹೊದೆಸಿ
ಲಾರಿ ಕಾಯುತ್ತಾರೆ.
ಅವಳು ಸಹಿ ಹಾಕಿದ್ದಿಲ್ಲ,
ಏಳರಲ್ಲಿ ಎಷ್ಟನೆಯದು ಎಂದು ಬರೆದದ್ದಿಲ್ಲ.

ರಾತ್ರಿ ತಗಡನ್ನು ಮತ್ತೆ ಮೇಜಿಗೆ ತಂದೆ.
ಕೊರೆಯುವುದು ಸುಲಭ, ಕೊರೆದದ್ದನ್ನು ಅಳಿಸುವುದು
ಚಮಚದ ಬೆನ್ನಿಗೇ ಗೊತ್ತು.
ತಿಕ್ಕಿದೆ, ಎಣ್ಣೆ ಬಿಟ್ಟು ತಿಕ್ಕಿದೆ,
ಆ ಬದಿಯ ಅಜ್ಜನಿಗೆ ಏನನ್ನಿಸಿತೋ.
ಉಗುರಗಲ ಗೆರೆ ಮುಚ್ಚಿತು,
ಉಗುರಗಲ ಬಾಯಿ ತೆರೆಯಿತು.
ಗೆರೆ ಪೂರ್ತಿ ಹೋಗಲಿಲ್ಲ. ಕಾಗದದ ಮೇಲೆ
ಅಲ್ಲೊಂದು ಮಸುಕು ಬೂದು,
ಭರತದ ಹೊತ್ತಿಗೆ ಯಾರೋ ಹಲಗೆ ಎತ್ತಿಟ್ಟ ಹಾಗೆ.

ಹಾಗೆ, ಎಂದೆನಲ್ಲ.
ಕಲಿಸಿದವರು ಇದ್ದಿದ್ದರೆ ತೆಗೆ ಅನ್ನುತ್ತಿದ್ದರು.

ಬೆಳಿಗ್ಗೆ ಅವ್ವಿ ಬಗ್ಗಿ ನೋಡಿದಳು.
"ಸಣ್ಣದಾಯ್ತು," ಅಂದು
ಬುಟ್ಟಿ ತೆಗೆದುಕೊಂಡು ಹೋದಳು.